ಮಳೆಗಾಲದಲ್ಲಿ ಹಳೇ ಜೂಕ್‌ಬಾಕ್ಸ್ ಹಾಳಾಗದ ಹಾಗೆ ಇಡೋದು ಹೇಗೆ?

ಕಲ್ಯಾಣಪುರದವಳು:
ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪ ಮುಂಬೈಯಲ್ಲಿ ಹೋಟೆಲ್ ಇಟ್ಟುಕೊಂಡಿದ್ದರು. ಮುಚ್ಚಿ ಊರಿಗೆ ಬರುವಾಗ ಪಾತ್ರೆ, ಮೇಜು ಎಲ್ಲ ಮಾರಿದರು, ನಾಣ್ಯ ಹಾಕಿದರೆ ಬೇಕಾದ ಹಾಡು ಕೇಳಿಸುವ ಜೂಕ್‌ಬಾಕ್ಸ್ ಒಂದನ್ನು ಮಾತ್ರ ಲಾರಿಗೆ ಹಾಕಿಸಿಕೊಂಡು ಬಂದರು. ಅಮೆರಿಕದ ಸೀಬರ್ಗ್ ಕಂಪನಿಯದ್ದು, 50 ಪ್ಲೇಟು (ಗ್ರಾಮಫೋನ್ ರೆಕಾರ್ಡ್), 100 ಹಾಡು. ಈಗ ಉಡುಪಿ ಹತ್ತಿರ ನಮ್ಮ ಹಳೇ ಮನೆಯ ಚಾವಡಿಯಲ್ಲಿದೆ. ಮುರಕಲ್ಲಿನ ಗೋಡೆ, ಹಂಚಿನ ಮಾಡು, ಹೊಳೆ ಹತ್ತಿರ. ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಹೋದ ವರ್ಷ ಮಳೆಗೆ ಮೊದಲು ದಪ್ಪ ಪ್ಲಾಸ್ಟಿಕ್ ಸುತ್ತಿ ಹಗ್ಗ ಬಿಗಿದು ಇಟ್ಟೆ. ಚೌತಿಗೆ ಬಿಚ್ಚಿದರೆ ಪ್ಲಾಸ್ಟಿಕ್ಕಿನ ಒಳಮೈ ತುಂಬ ನೀರಿನ ಹನಿ. ಸ್ಪೀಕರ್ ಬಟ್ಟೆ ಮೇಲೆ ಬಿಳಿ ಬೂಷ್ಟು. ಎಡಬದಿ ಕೆಳಗೆ ವೆನೀರ್ (ಮೇಲೆ ಅಂಟಿಸಿದ ತೆಳು ಮರದ ಪದರ) ಉಗುರು ತೂರುವಷ್ಟು ಎದ್ದಿತ್ತು. ಗಡಿಬಿಡಿಯಲ್ಲಿ ಅವತ್ತೇ ಸ್ವಿಚ್ ಹಾಕಿದೆ, ಗುಂಯ್ ಅಂತ ದೊಡ್ಡ ಸದ್ದು, ಸುಟ್ಟ ವಾಸನೆ, ಕೂಡಲೇ ಆಫ್ ಮಾಡಿದೆ. ಆಮೇಲೆ ಮುಟ್ಟಿಲ್ಲ.

ದೊಡ್ಡಪ್ಪನಿಗೆ ಈಗ 84. ಅವರಿಗೆ ಒಮ್ಮೆ ಕೇಳಿಸಬೇಕು ಅಂತ ತುಂಬಾ ಆಸೆ. ಪತ್ತನಾಜೆಗೆ (ಮೇ ಕೊನೆಗೆ ಬರುವ, ಮಳೆಗಾಲದ ಮುನ್ನಿನ ತುಳುನಾಡಿನ ದಿನ) ಮೂರು ವಾರ ಉಂಟು. ಏನು ಮಾಡಲಿ?

ಕದ್ರಿ ವಾಲ್ವ್ ರೇಡಿಯೋ:
ಅಕ್ಕ, ಮೊದಲು ಆ ಪ್ಲಾಸ್ಟಿಕ್ ಬಿಸಾಡಿ. ಹೊರಗಿನ ಥಂಡಿ ತಡೆಯುತ್ತದೆ ಅಂತ ನಾವು ಸುತ್ತುತ್ತೇವೆ, ಆದರೆ ಮರದೊಳಗೆ ಆಗಲೇ ಇರುವ ತೇವ ಹೊರಗೆ ಹೋಗೋಕೆ ದಾರಿ ಇಲ್ಲದೆ ಅಲ್ಲೇ ಕೂತು ಬೂಷ್ಟು ಬೆಳೆಸುತ್ತದೆ. ಹಳೇ ಹತ್ತಿ ಸೀರೆ ಅಥವಾ ಬೆಡ್‌ಶೀಟ್ ಸಾಕು. ಧೂಳು ತಡೆಯುತ್ತದೆ, ಗಾಳಿಯೂ ಆಡುತ್ತದೆ. ಗೋಡೆಯಿಂದ ಒಂದಡಿ ಈಚೆ ಇಡಿ, ನೆಲದಿಂದ ಮೂರ್ನಾಲ್ಕು ಇಂಚು ಮೇಲೆ ಹಲಗೆ ಕೊಡಿ. ಮುರಕಲ್ಲು ನೀರು ಎಳೆದುಕೊಳ್ಳುವ ಕಲ್ಲು, ಜುಲೈ ಒಂದೇ ತಿಂಗಳಲ್ಲಿ ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು ನಮ್ಮದು.

ಗುಂಯ್ ಸದ್ದು ಹೆಚ್ಚಾಗಿ ಕಂಡೆನ್ಸರಿಂದು, ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗದ್ದು. ಪವರ್ ಸಪ್ಲೈಯಲ್ಲಿರುವ ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನ ಒಳಗೆ ಅಲ್ಯೂಮಿನಿಯಂ ಆಕ್ಸೈಡಿನ ತೆಳು ಪೊರೆ ಇರುತ್ತದೆ, ವರ್ಷಗಟ್ಟಲೆ ಕರೆಂಟ್ ಕಾಣದಿದ್ದರೆ ಅದು ಸೊರಗುತ್ತದೆ. ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಟ್ಟರೆ ಬಿಸಿಯಾಗಿ ಹೋಗುತ್ತದೆ. ಮೇಣ ಹಚ್ಚಿದ ಕಾಗದದ ಕಂಡೆನ್ಸರ್‌ಗಳೂ ಇರುತ್ತವೆ. ಅವು ತೇವ ಕುಡಿದು ಕರೆಂಟ್ ಲೀಕ್ ಮಾಡುತ್ತವೆ. ಅವನ್ನು ಸುಮ್ನೆ ಎಲ್ಲ ಬದಲಿಸಿಬಿಡಿ, ಬೆಲೆ ಜಾಸ್ತಿ ಇಲ್ಲ. ಇನ್ನೊಂದು, ಅಮೆರಿಕದ ಮೆಷಿನ್ 110-120 ವೋಲ್ಟಿನದು, ಜೊತೆಗೆ ಬಂದ ಟ್ರಾನ್ಸ್‌ಫಾರ್ಮರ್ ಡಬ್ಬಿ ಇಲ್ಲದೆ ಪ್ಲಗ್ ಹಾಕಲೇಬೇಡಿ.

ವಾಲ್ವ್ (ಹಳೇ ರೇಡಿಯೋದಲ್ಲಿರುವ ಗಾಜಿನ ಟ್ಯೂಬ್) ಕೆಲಸ ಗೊತ್ತಿದ್ದವರನ್ನೇ ಕರೆಸಿ. ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಹೋಗುವ ಹಾಗೆ, 100 ವ್ಯಾಟ್ ಹಳೇ ಬಲ್ಬ್ ಹಾಕಿ ಮೊದಲು ಆಂಪ್ಲಿಫೈಯರ್ ಮಾತ್ರ ಪರೀಕ್ಷೆ ಮಾಡಲಿ. ಬಲ್ಬ್ ಮೊದಲು ಬೆಳಗಿ ಮಂದವಾದರೆ ಒಳ್ಳೇದು, ಪ್ರಕಾಶಮಾನವಾಗೇ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ.

ಟೊರೊಂಟೊ ಬಂಟ್ವಾಳ:
ಇಲ್ಲಿ ನಮ್ಮ ತೊಂದರೆ ಚಳಿ. ನನ್ನ ಗೆಳೆಯರೊಬ್ಬರು ಜೂಕ್‌ಬಾಕ್ಸನ್ನು ಚಳಿಗಾಲ ಪೂರ್ತಿ ಬಿಸಿ ಇಲ್ಲದ ಗ್ಯಾರೇಜಿನಲ್ಲಿ ಇಡುತ್ತಾರೆ. ಹಳೇ ಗ್ರೀಸ್ ಗಟ್ಟಿಯಾಗಿ ಗೇರ್ ತಿರುಗೋದೇ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಒಳಗೆ ತಂದಾಗ. ತಣ್ಣಗಿನ ಕಬ್ಬಿಣಕ್ಕೆ ಬೆಚ್ಚಗಿನ ಗಾಳಿ ತಾಗಿದ ಕೂಡಲೇ ಫ್ರಿಜ್ಜಿಂದ ತೆಗೆದ ಬಾಟಲಿಯ ಹಾಗೆ ಮೈಯೆಲ್ಲ ನೀರು. ಹಾಗಾಗಿ ಒಂದು ದಿನ ಪೂರ್ತಿ ಹಾಗೇ ಬಿಟ್ಟು ಆಮೇಲೆ ಪ್ಲಗ್ ಹಾಕುತ್ತಾರೆ.

ಕೆಲಸ ಮುಗಿದ ಮೇಲೆ ರಬ್ಬರ್ ಚಕ್ರ ಯಾವುದಕ್ಕೂ ಒತ್ತಿಕೊಂಡು ನಿಂತಿಲ್ಲ ಅಂತ ನೋಡಿ. ತಿಂಗಳುಗಟ್ಟಲೆ ಒತ್ತಿದರೆ ಒಂದು ಕಡೆ ಚಪ್ಪಟೆಯಾಗಿ ಹಾಡು ಬಡಿದ ಹಾಗೆ ಕೇಳುತ್ತದೆ. ಮತ್ತೆ ದಯವಿಟ್ಟು ತೆಂಗಿನೆಣ್ಣೆ ಬಿಡಬೇಡಿ. ಹೊಲಿಗೆ ಮೆಷಿನ್‌ಗೆ ಬಿಡುವ ಅಭ್ಯಾಸ ನಮ್ಮ ಕಡೆ ಇದೆ, ಇದರಲ್ಲಿ ಅದು ಅಂಟಾಗಿ ಕೂರುತ್ತದೆ.

ಕಲ್ಯಾಣಪುರದವಳು:
ಅಯ್ಯೋ, ತೆಂಗಿನೆಣ್ಣೆ ಬಿಟ್ಟಾಗಿದೆ! ಹೇಗೆ ತೆಗೆಯೋದು? ಮತ್ತೆ ತಮ್ಮ ಹೇಳ್ತಾನೆ, ಎಸಿ ಇರುವ ಕೋಣೆಗೆ ಹಾಕು ಅಂತ. ಸರಿಯಾ?

ಮಲ್ಪೆ ಹಾರ್ಮೋನಿಯಂ:
ಎಸಿ ದಿನವಿಡೀ ಓಡಿಸುತ್ತೀರಾದರೆ ಸರಿ. ರಾತ್ರಿ ಮಾತ್ರ ಅಂದರೆ ಬೇಡ ಮಾರಾಯ್ರೆ. ಬೆಳಿಗ್ಗೆ ಆಫ್ ಮಾಡಿ ಬಾಗಿಲು ತೆರೆದಾಗ ಟೊರೊಂಟೊದವರು ಹೇಳಿದ್ದೇ ಇಲ್ಲಿ ದಿನಾ ನಡೆಯುತ್ತದೆ.

ನಾನು ಹಾರ್ಮೋನಿಯಂ ಇಡುವ ಕಪಾಟಿಗೆ ಮಾಡಿದ್ದು ಹೇಳ್ತೇನೆ. ಕೆಳಗೆ ಒಂದು ಹಳೇ ಝೀರೋ ಬಲ್ಬ್, ಎಲ್‌ಇಡಿ ಅಲ್ಲ. ಹೆಸರು ಝೀರೋ ಆದರೂ ಅದು ಸುಮಾರು 15 ವ್ಯಾಟ್ ಎಳೆಯುತ್ತದೆ, ಅದೇ ನಮಗೆ ಬೇಕಾದ ಬಿಸಿ. 27 ಡಿಗ್ರಿಯಲ್ಲಿ ಶೇ 90 ತೇವಾಂಶ ಇರುವ ಗಾಳಿ 32 ಡಿಗ್ರಿಗೆ ಬಂದರೆ ಅದೇ ತೇವಾಂಶ ಶೇ 67ರ ಹತ್ತಿರ ಇಳಿಯುತ್ತದೆ. ಬೂಷ್ಟು ಬೆಳೆಯೋಕೆ ಹೆಚ್ಚಾಗಿ ಶೇ 70 ದಾಟಬೇಕು. ನಿಮ್ಮದು ದೊಡ್ಡ ಪೆಟ್ಟಿಗೆ, ಎರಡು ಬೇಕಾಗಬಹುದು. ಬಟ್ಟೆಗೂ ವಯರಿಗೂ ಪ್ಲೇಟುಗಳಿಗೂ ದೂರ ಇರಲಿ, ಸುತ್ತ ತಂತಿಬಲೆ ಹಾಕಿ. ಒಳಗೊಂದು ತೇವಾಂಶದ ಮೀಟರ್ ಇಡಿ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವಾರಕ್ಕೊಮ್ಮೆ ಹಿಂದಿನ ಬಾಗಿಲು ತೆರೆದು ನೋಡಿ. ಇಲಿ, ಗೆದ್ದಲು ಕೂಡ ಆಗಲೇ ಗೊತ್ತಾಗುತ್ತದೆ.

ಪ್ಲೇಟುಗಳು ಮಾತ್ರ ಬೇರೆ. ತೆಗೆದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿ. ನೀಲಿ ಬಣ್ಣದ್ದು ಗುಲಾಬಿ ಆದರೆ ಒಣಗಿಸುವ ಸಮಯ ಬಂತು ಅಂತ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟುಗಳೂ ಇದ್ದರೆ ಅವಕ್ಕೆ ಸ್ಪಿರಿಟ್ ತಾಗಿಸಬೇಡಿ, ಅವು ಅರಗಿನವು, ಕರಗುತ್ತವೆ.

ಕದ್ರಿ ವಾಲ್ವ್ ರೇಡಿಯೋ:
ಎಣ್ಣೆ ಚಿಂತೆ ಬೇಡ ಅಕ್ಕ. ಪ್ಲಗ್ ತೆಗೆದಿಟ್ಟು, ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಲೋಹದ ಭಾಗ ಮಾತ್ರ ಒರೆಸಿ. ರಬ್ಬರಿಗೂ ಮರದ ಪಾಲಿಶ್‌ಗೂ ಬೇಡ. ಒಣಗಿದ ಮೇಲೆ ಬೇಕಾದಲ್ಲಿ ಒಂದೊಂದು ಹನಿ ಮೆಷಿನ್ ಆಯಿಲ್.

ಕಲ್ಯಾಣಪುರದವಳು:
ತುಂಬಾ ಉಪಕಾರ ಆಯ್ತು. ಪ್ಲೇಟುಗಳನ್ನು ಇವತ್ತೇ ತೆಗೆದೆ. 37 ಚೆನ್ನಾಗಿವೆ. ದೊಡ್ಡಪ್ಪ ಪಕ್ಕದಲ್ಲೇ ಕುರ್ಚಿ ಹಾಕಿ ಕೂತು ಒಂದೊಂದನ್ನೂ ಕೈಗೆ ತೆಗೆದುಕೊಂಡು, ಇದನ್ನು ಯಾವ ಗಿರಾಕಿ ದಿನಾ ಹಾಕಿಸುತ್ತಿದ್ದ ಅಂತ ಹೇಳಿದರು. ಭಾನುವಾರ ಮೆಕ್ಯಾನಿಕ್ ಬರ್ತಾರೆ, ಸೀರೀಸ್ ಬಲ್ಬ್ ಹೇಗೆ ಉರಿಯಿತು ಅಂತ ಇಲ್ಲೇ ಹಾಕ್ತೇನೆ.