"ಸೂಪರ್ ಮಿಸ್" ಇಲ್ಲಾಂದ್ರೆ ನಗು: ಮಕ್ಕಳು ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಮಾತಾಡೋದು ಹೇಗೆ?

ಪ್ರಶ್ನೆ

ನಮಸ್ಕಾರ. ನಾನು ಹಾಸನದ ಕಡೆ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಸೇರಿ ಎರಡು ವರ್ಷ ಆಯ್ತು. ಒಂಬತ್ತನೇ ಕ್ಲಾಸಿನಲ್ಲಿ 38 ಮಕ್ಕಳಿದ್ದಾರೆ. ಕಳೆದ ವಾರ ಗಿಡ್ಡ ಸ್ಟೂಲಿನ ಮೇಲೆ ಒಂದು ತಾಮ್ರದ ಚೊಂಬು, ಎರಡು ಬದನೆಕಾಯಿ ಇಟ್ಟು ಬರೆಸಿದೆ. ಮುಗಿದ ಮೇಲೆ ಹಾಳೆಗಳನ್ನು ದಾರಕ್ಕೆ ತೂಗುಹಾಕಿ, "ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರು ಹೇಳಿ" ಅಂದೆ.

ಸ್ನೇಹಿತರು ಬರೆದದ್ದೆಲ್ಲ "ಸೂಪರ್ ಮಿಸ್". ಉಳಿದವರದ್ದಕ್ಕೆ ನಗು. ಹಿಂದಿನ ಬೆಂಚಿನ ಹುಡುಗ ಒಬ್ಬಳ ಹಾಳೆ ನೋಡಿ "ಇದು ಚೊಂಬಲ್ಲ, ಕುಂಬಳಕಾಯಿ" ಅಂದ. ಇಡೀ ಕ್ಲಾಸು ನಕ್ಕಿತು. ನಿಜ ಹೇಳಬೇಕೆಂದರೆ ನನಗೂ ನಗು ಬಂತು, ಅದೇ ಈಗ ಚುಚ್ಚುತ್ತಿದೆ. ಅವಳು ಹಾಳೆ ಇಳಿಸಿಕೊಂಡು, ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ತುರುಕಿದಳು. ಈ ವಾರ ಡ್ರಾಯಿಂಗ್ ಪುಸ್ತಕವನ್ನೇ ತಂದಿಲ್ಲ. ಇದನ್ನು ಬಿಟ್ಟೇಬಿಡಲಾ?

ಉತ್ತರ 1

ಬಿಟ್ಟುಬಿಡಿ ಮೇಡಂ. 40 ನಿಮಿಷದ ಪೀರಿಯಡ್ಡು. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳ ಪ್ರ್ಯಾಕ್ಟೀಸೇ ಮುಗಿಯಲ್ಲ. ತಪ್ಪು ತಿದ್ದೋಕೆ ನಾವಿದ್ದೀವಲ್ಲ.

ಉತ್ತರ 2

ಮೇಡಂ, ಬಿಡಬೇಡಿ. 19 ವರ್ಷದಿಂದ ಇದೇ ಕೆಲಸ ಮಾಡಿಕೊಂಡಿದ್ದೇನೆ, ನನಗೂ ಇಂಥ ದಿನ ಬಂದಿದೆ. ಒಬ್ಬಳು ಮಡಕೆಯನ್ನು ಪೂರ್ತಿ ಕಪ್ಪಗೆ ಶೇಡ್ ಮಾಡಿದ್ದಳು. "ಇಷ್ಟು ಕಪ್ಪಿಲ್ಲ" ಅಂದರು ಎಲ್ಲರೂ. ನಾನೂ ಅದನ್ನೇ ಹೇಳಿ ರಬ್ಬರ್ ಕೊಟ್ಟೆ. ಆಮೇಲೆ ಯಾಕೋ ಹೋಗಿ ಅವಳ ಜಾಗದಲ್ಲಿ ಕೂತೆ. ಎದುರಿಗೇ ಕಿಟಕಿ. ಬೆಳಕೆಲ್ಲ ಮಡಕೆಯ ಹಿಂದಿನಿಂದ ಬರುತ್ತಿತ್ತು. ಅಲ್ಲಿಂದ ಮಡಕೆ ಕಪ್ಪಗೇ ಕಾಣುತ್ತಿತ್ತು! ಅವಳು ಕಂಡದ್ದನ್ನು ಬರೆದಿದ್ದಳು, ನಾವು ನಮಗೆ ಕಂಡದ್ದನ್ನು ಹೇಳಿದ್ದೆವು.

ಅವತ್ತಿನಿಂದ ನಮ್ಮ ಕ್ಲಾಸಿನಲ್ಲಿ ಬಾಯಿ ಬಿಡುವ ಮೊದಲು ಬರೆದವರ ಜಾಗಕ್ಕೆ ಹೋಗಿ ಕೂರಬೇಕು. ಚಿತ್ರ ಅರ್ಧ ಆಗಿರುವಾಗಲೇ ಇದನ್ನು ಮಾಡಿಸಿ. ಮುಗಿಸಿ ತೂಗುಹಾಕಿದ ಮೇಲೆ ಹೇಳಿದರೆ ಅದು ತೀರ್ಪು ಕೊಟ್ಟ ಹಾಗೆ. ಕೈಯಲ್ಲಿ ರಬ್ಬರ್ ಇದ್ದಾಗ ಹೇಳಿದರೆ ಸಹಾಯ. ಮೊದಲ ಪ್ರಶ್ನೆ ಬರೆದವರದ್ದೇ: "ತಳ ಸರಿ ಕೂತಿದೆಯಾ ನೋಡು" ಅಂತ ಅವರೇ ಕೇಳಲಿ. ನೋಡುವವರು ಬೆರಳಿಟ್ಟು ತೋರಿಸಬಹುದು, ಪೆನ್ಸಿಲ್ ಮಾತ್ರ ಇಡಕೂಡದು. ಇನ್ನೊಬ್ಬರ ಹಾಳೆ ಮೇಲೆ ಗೆರೆ ಎಳೆಯೋದು ನನಗೆ ಸ್ವಲ್ಪವೂ ಆಗಲ್ಲ, ಮೇಷ್ಟ್ರು ಎಳೆದರೂ ಅಷ್ಟೇ.

ಆ ಕುಂಬಳಕಾಯಿ ಹುಡುಗನನ್ನು ಬೈಯಬೇಡಿ. ಅವನಿಗೆ ಏನೋ ಕಂಡಿದೆ, ಹೇಳೋಕೆ ಬಂದಿಲ್ಲ. "ಎಲ್ಲಿ ಕುಂಬಳಕಾಯಿ ಆಗ್ತಿದೆ, ತೋರಿಸು" ಅನ್ನಿ. ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮುಂದೆ ಚಾಚಿ, ಕತ್ತಿನ ಅಗಲ ಹೊಟ್ಟೆಯಲ್ಲಿ ಎಷ್ಟು ಸಲ ಹಿಡಿಸುತ್ತೆ ಅಂತ ಅಳೆಯಲಿ. ತಮಾಷೆ ಅಲ್ಲಿಗೆ ನಿಲ್ಲುತ್ತೆ.

ಉತ್ತರ 3

ಪರೀಕ್ಷೆ ಅಂದವರಿಗೆ ಒಂದು ಮಾತು. ಅಮೆರಿಕದ ರಾನ್ ಬರ್ಗರ್ ಅನ್ನೋ ಶಿಕ್ಷಕರು ಮಕ್ಕಳಿಗೆ ಒಂದು ಚಿಟ್ಟೆಯ ಚಿತ್ರಗಳನ್ನು ತೋರಿಸುತ್ತಾರೆ. ಐಡಾಹೋದ ಬೋಯ್ಸಿಯಲ್ಲಿ ಒಂದನೇ ಕ್ಲಾಸಿನ ಹುಡುಗ ಫೋಟೋ ನೋಡಿ ಬರೆದದ್ದು. ಮೊದಲನೆಯದು ಎಲ್ಲ ಮಕ್ಕಳು ಬರೆಯುವಂಥ ಚಿಟ್ಟೆ. ಕ್ಲಾಸಿನವರು ಮೊದಲು ರೆಕ್ಕೆಯ ಆಕಾರದ ಬಗ್ಗೆ ಮಾತ್ರ ಹೇಳಿದರು. ಅದು ಸರಿಹೋದ ಮೇಲೆಯೇ ಪಟ್ಟೆಗಳ ಮಾತು. ಆರನೆಯದನ್ನು ನೋಡಿದರೆ ಅದೇ ಹುಡುಗನದ್ದು ಅಂತ ನಂಬೋಕಾಗಲ್ಲ. ನಾವೋ, ಆಕಾರ, ಶೇಡಿಂಗ್, ಬಣ್ಣ ಎಲ್ಲ ಒಟ್ಟಿಗೆ ಕೇಳ್ತೀವಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅದೇ ಚೊಂಬನ್ನು ಮತ್ತೆ ಇಟ್ಟೆ. ಅವಳಿಗೆ ನಾನೇ ಹಾಳೆ ಕೊಟ್ಟೆ. ಅರ್ಧ ಆದಾಗ ಆ ಹುಡುಗನನ್ನು ಅವಳ ಜಾಗದಲ್ಲಿ ಕೂರಿಸಿದೆ. ಮುಂದಿನ ಬೆಂಚು, ಸ್ಟೂಲಿಗೆ ತೀರ ಹತ್ತಿರ. ಮೇಲಿನಿಂದ ನೋಡಿದ ಹಾಗೆ. ಅವನು ಸ್ವಲ್ಪ ಹೊತ್ತು ಸುಮ್ನೆ ಇದ್ದು, "ಮಿಸ್, ಇಲ್ಲಿಂದ ಚೊಂಬಿಗೆ ಕತ್ತೇ ಇಲ್ಲ. ಬಾಯಿ ಅಡ್ಡ ಬರುತ್ತೆ" ಅಂದ. "ಅದನ್ನೇ ಅಲ್ವಾ ನಾನು ಬರೆದಿದ್ದು" ಅಂದಳು ಅವಳು.

ಆಮೇಲೆ ಅವನು ತಳದ ಮೇಲೆ ಬೆರಳಿಟ್ಟ. "ಇದು ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗಿದೆ." ಅವಳು ಬಗ್ಗಿ ಚೊಂಬನ್ನು ನೋಡಿದಳು. ಹಾಳೆ ನೋಡಿದಳು. ಪಕ್ಕದವಳ ಹತ್ತಿರ ರಬ್ಬರ್ ಕೇಳಿದಳು.