ಜಿ.ಎಂ. ಕೌಂಟರ್ ಲ್ಯಾಬ್: ರೀಡಿಂಗ್ ಸರಿ ಬರಬೇಕು, ಮಕ್ಕಳಿಗೂ ಏನೂ ಆಗಬಾರದು. ನಿಮ್ಮ ಅನುಭವ ಹೇಳಿ

ಕಾರವಾರದ ಉಪನ್ಯಾಸಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ವರ್ಷ ನಮ್ಮ ಕಾಲೇಜಿನ ನ್ಯೂಕ್ಲಿಯರ್ ಲ್ಯಾಬ್ ನನ್ನ ಕೈಗೆ ಬಂದಿದೆ. ವಿಕಿರಣ ಎಣಿಸುವ ಒಂದು ಜಿ.ಎಂ. (ಗೈಗರ್-ಮುಲ್ಲರ್) ಕೌಂಟರ್ ಇದೆ. ವಿಕಿರಣ ಸೂಸುವ ಸೀಸಿಯಂ-137, ಕೋಬಾಲ್ಟ್-60ರ ಬಿಲ್ಲೆಯಂಥ ಚಿಕ್ಕ ಸೋರ್ಸ್‌ಗಳಿವೆ. ಒಂದೇ ಪ್ರಯೋಗಕ್ಕೆ ಬೆಳಗಿನ ಬ್ಯಾಚಿಗೆ ಒಂದು ಉತ್ತರ ಬರುತ್ತದೆ, ಮಧ್ಯಾಹ್ನದ ಬ್ಯಾಚಿಗೆ ಇನ್ನೊಂದು. ಅದರ ಮೇಲೆ ಒಬ್ಬ ವಿದ್ಯಾರ್ಥಿನಿಯ ಅಮ್ಮ ಫೋನ್ ಮಾಡಿ, "ಅದನ್ನು ಮುಟ್ಟಿದರೆ ಏನೂ ಆಗೋದಿಲ್ವಾ ಮೇಡಂ?" ಅಂತ ಕೇಳಿದರು. ಇಂಥ ಲ್ಯಾಬ್ ನಡೆಸಿದವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಶಿರಸಿಯಿಂದ, ನಿವೃತ್ತ ಉಪನ್ಯಾಸಕರು:

ಮೇಡಂ, ಬ್ಯಾಕ್‌ಗ್ರೌಂಡ್ ಕೌಂಟ್‌ನಿಂದ ಶುರು ಮಾಡಿ. ಅಂದರೆ ಸೋರ್ಸ್ ಇಲ್ಲದಿದ್ದರೂ ಸುತ್ತಲಿಂದ ಬರುವ ಎಣಿಕೆ. ಸೋರ್ಸ್ ಹೊರಗೆ ತೆಗೆಯುವ ಮೊದಲೇ 5 ನಿಮಿಷ ಎಣಿಸಿ ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಎರಡೂ ತೊಂದರೆಗೆ ಮದ್ದು ಇದರಲ್ಲೇ ಇದೆ.

ನನಗೆ ಇದು ಅರ್ಥವಾದದ್ದು ಒಂದು ಸೋಮವಾರ. ನಮ್ಮ ಕೌಂಟರಿನ ಟ್ಯೂಬಿಗೆ 5 ನಿಮಿಷಕ್ಕೆ 120ರ ಆಸುಪಾಸು ಬರುತ್ತಿತ್ತು. ಅವತ್ತು 203 ಬಂತು. ಮತ್ತೆ ಎಣಿಸಿದೆ, 196. ಟ್ಯೂಬ್ ಕೆಟ್ಟಿದೆ ಅಂದುಕೊಂಡು ವೋಲ್ಟೇಜ್ ನೋಡಿದೆ, ಕೇಬಲ್ ಬದಲಿಸಿದೆ. ಕೊನೆಗೆ ಅಟೆಂಡರ್ ಟೇಬಲ್ಲಿನ ಡ್ರಾಯರ್ ಎಳೆದರು. ಶನಿವಾರದ ಬ್ಯಾಚಿನ ಸೀಸಿಯಂ ಬಿಲ್ಲೆ ಗ್ರಾಫ್ ಹಾಳೆಗಳ ನಡುವೆ ಸಿಕ್ಕಿಕೊಂಡಿತ್ತು. ಯಾರೋ ಅವಸರದಲ್ಲಿ ಹಾಳೆಯ ಜೊತೆ ಒಳಗೆ ತಳ್ಳಿದ್ದರು. ಬ್ಯಾಕ್‌ಗ್ರೌಂಡ್ ನೋಡದೇ ಹೋಗಿದ್ದರೆ ಅವತ್ತಿನ ರೀಡಿಂಗ್ ಎಲ್ಲ ತಪ್ಪಾಗುತ್ತಿತ್ತು. ಆ ಡ್ರಾಯರಿನ ಪಕ್ಕ ಕೂರುವ ಹುಡುಗಿಗೂ ದಿನಾ ಸುಮ್ನೆ ವಿಕಿರಣ ತಾಗುತ್ತಿತ್ತು, ಅಲ್ವಾ? ಅವತ್ತಿನಿಂದ ಸೋರ್ಸ್ ಪುಸ್ತಕ ಇಟ್ಟೆ. ಯಾವ ಬಿಲ್ಲೆ, ಯಾರು ತೆಗೆದರು, ಎಷ್ಟು ಗಂಟೆಗೆ ವಾಪಸ್ ಬಂತು, ಅಷ್ಟೇ. ಎಣಿಸಿ ಸೀಸದ ಡಬ್ಬಿಗೆ ಹಾಕಿ ಬೀಗ ಹಾಕುವ ತನಕ ನಾನು ಮನೆಗೆ ಹೋದವನಲ್ಲ.

ಆದರೆ ಎಣಿಕೆ ಹೆಚ್ಚಾಯಿತು ಅಂತ ಪ್ರತಿ ಸಲ ಗಾಬರಿ ಆಗಬೇಡಿ. ಎಣಿಕೆ 100 ಬಂದರೆ ಅದರ ವರ್ಗಮೂಲ 10, ಅಂದರೆ ನೂರಕ್ಕೆ 10ರಷ್ಟು ಏರುಪೇರು ಸಹಜ. 10,000 ಎಣಿಸಿದರೆ ಅದು ನೂರಕ್ಕೆ 1ಕ್ಕೆ ಇಳಿಯುತ್ತದೆ. ಒಂದು ನಿಮಿಷಕ್ಕೆ ಮೊದಲು 24, ಆಮೇಲೆ 31 ಬಂದರೆ ಅದು ಏನೂ ಅಲ್ಲ. 120 ಇದ್ದದ್ದು 203 ಆದರೆ ಮಾತ್ರ ಏನೋ ಇದೆ. ನಿಮ್ಮ ಎರಡು ಬ್ಯಾಚುಗಳ ಉತ್ತರ ನಿಜಕ್ಕೂ ಬೇರೆಯೋ, ಅಥವಾ ಅರ್ಧ ನಿಮಿಷ ಎಣಿಸಿ ಬಿಟ್ಟಿದ್ದಾರೋ, ಅದನ್ನು ಮೊದಲು ನೋಡಿ. ಮಕ್ಕಳು ಬೇಗ ಮುಗಿಸಿ ಬಸ್ಸು ಹಿಡಿಯಬೇಕು ಅಂತಾರೆ. ಬಿಡಬೇಡಿ, ಕಡಿಮೆ ಪಾಯಿಂಟ್ ತೆಗೆದರೂ ಪರವಾಗಿಲ್ಲ, ಜಾಸ್ತಿ ಹೊತ್ತು ಎಣಿಸಲಿ.

ಇನ್ನು ಆ ಅಮ್ಮನ ಮಾತು. ಕೈಗಾ ನಮ್ಮ ಜಿಲ್ಲೆಯಲ್ಲೇ ಇರುವುದರಿಂದ ವಿಕಿರಣ ಅಂದ ಕೂಡಲೇ ಜನಕ್ಕೆ ಕಾಳಿ ನದಿ ದಂಡೆಯ ಆ ಅಣು ವಿದ್ಯುತ್ ಸ್ಥಾವರದ 220 ಮೆಗಾವ್ಯಾಟಿನ ನಾಲ್ಕು ಘಟಕಗಳೇ ಕಣ್ಣಿಗೆ ಕಟ್ಟುತ್ತವೆ. ಹೆದರಬೇಡಿ ಅಂದರೆ ಸಾಲದು, ಲೆಕ್ಕ ಹೇಳಿ. 5 ಮೈಕ್ರೋಕ್ಯೂರಿಯ (ಕ್ಯೂರಿ ಅಂದರೆ ಸೋರ್ಸಿನ ಬಲದ ಅಳತೆ) ಸೀಸಿಯಂ ಬಿಲ್ಲೆಯಿಂದ 1 ಮೀಟರ್ ದೂರ ಕೂತರೆ ಸಿಗುವುದು ಗಂಟೆಗೆ ಸುಮಾರು 0.016 ಮೈಕ್ರೋಸೀವರ್ಟ್ (ಸೀವರ್ಟ್ ಅಂದರೆ ಮೈಗೆ ತಾಗುವ ವಿಕಿರಣದ ಅಳತೆ). ಮಣ್ಣು, ಕಲ್ಲು, ಆಕಾಶದಿಂದ ಎಲ್ಲರಿಗೂ ಸಿಗುವುದೇ ಗಂಟೆಗೆ 0.1ರ ಹತ್ತಿರ ಇರುತ್ತದೆ. ಆದರೆ ಅದೇ ಬಿಲ್ಲೆ 1 ಸೆಂಟಿಮೀಟರಿಗೆ ಬಂದರೆ 1 ಮೀಟರಿಗಿಂತ 10,000 ಪಟ್ಟು. ಹಾಗಾಗಿ ಕೈಯಲ್ಲಿ ಹಿಡಿಯಬಾರದು, ಜೇಬಿಗೆ ಹಾಕಬಾರದು, ಚಿಮಟದಲ್ಲೇ ಎತ್ತಬೇಕು. ಆ ಅಮ್ಮನಿಗೆ ಇದನ್ನೇ ಹೇಳಿ, ಬೇಕಿದ್ದರೆ ಲ್ಯಾಬಿಗೆ ಕರೆದು ತೋರಿಸಿ.

ಹೊನ್ನಾವರದಿಂದ, ಸಂಶೋಧನಾ ವಿದ್ಯಾರ್ಥಿ:

ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಸೋರ್ಸ್ ದೂರ ಹೋದಂತೆ ಎಣಿಕೆ ದೂರದ ವರ್ಗಕ್ಕೆ ತಕ್ಕಂತೆ ಇಳಿಯುವುದನ್ನು ನೋಡುವ ಪ್ರಯೋಗದಲ್ಲಿ ನಾವು ಟ್ಯೂಬಿನ ಬಾಯಿಂದ ಅಳೆಯುತ್ತೇವೆ, ಆದರೆ ಎಣಿಕೆ ನಡೆಯುವುದು ಅದರ ಒಳಗೆ. ನೀವು 2 ಸೆಂ.ಮೀ. ಅಂದುಕೊಂಡದ್ದು ನಿಜಕ್ಕೆ 3 ಆಗಿದ್ದರೆ ಅಲ್ಲೇ 2.25 ಪಟ್ಟು ತಪ್ಪು. ಬ್ಯಾಕ್‌ಗ್ರೌಂಡ್ ಕಳೆದು, ಎಣಿಕೆಯ ವರ್ಗಮೂಲದಿಂದ 1ನ್ನು ಭಾಗಿಸಿ, ದೂರದ ಎದುರು ಗ್ರಾಫ್ ಹಾಕಿಸಿ. ಗೆರೆ ನೇರ ಬರುತ್ತದೆ, ಆ ಒಳಗಿನ ದೂರವೂ ಗೆರೆಯಲ್ಲೇ ಸಿಗುತ್ತದೆ.

ಇನ್ನೊಂದು ಕಾರವಾರದ ಹವೆ. ಮಳೆಗಾಲದಲ್ಲಿ ಉಪ್ಪುಗಾಳಿಗೆ ಹೈ ವೋಲ್ಟೇಜ್ ಕನೆಕ್ಟರಿನಲ್ಲಿ ಪಸೆ ಕೂರುತ್ತದೆ, ಕರೆಂಟ್ ಸೋರಿ ಸುಳ್ಳು ಕೌಂಟ್ ಬರುತ್ತದೆ. ಬೆಳಿಗ್ಗೆ ಹಾಗೆ, ಮಧ್ಯಾಹ್ನ ಹೀಗೆ ಬರುವುದಕ್ಕೆ ಇದೂ ಕಾರಣ ಇರಬಹುದು. ಸ್ವಿಚ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಸ್ಪಿರಿಟಿನಲ್ಲಿ ಒರೆಸಿ ಒಣಗಿಸಿ. ಕೌಂಟರನ್ನು ಸಿಲಿಕಾ ಜೆಲ್ ಜೊತೆ ಕಪಾಟಿನಲ್ಲಿಡಿ, ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಿ. ಟ್ಯೂಬಿನ ಬಾಯಿಯ ಅಭ್ರಕದ ಹಾಳೆಯನ್ನು ಮಾತ್ರ ಒರೆಸಲು ಹೋಗಬೇಡಿ, ಬೆರಳು ತಾಗಿದರೂ ಒಡೆಯುತ್ತದೆ.

ಕುಮಟಾದಿಂದ, ಎಕ್ಸ್‌-ರೇ ಟೆಕ್ನಿಶಿಯನ್:

ನಾನು ಕಾಲೇಜಿನವಳಲ್ಲ, ಆದರೆ ಎದೆಗೆ ಮೈಗೆ ತಾಗಿದ ವಿಕಿರಣ ಅಳೆಯುವ ಟಿ.ಎಲ್.ಡಿ. ಬ್ಯಾಡ್ಜ್ ಹಾಕಿಕೊಂಡೇ ಕೆಲಸ ಮಾಡುವವಳು. ನಮ್ಮಂಥವರಿಗೆ 5 ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ, ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಸಾಮಾನ್ಯ ಜನರಿಗೆ ವರ್ಷಕ್ಕೆ 1. ಒಂದು ಸಲ ನನ್ನ ಬ್ಯಾಡ್ಜಿನ ರೀಡಿಂಗ್ ಜಾಸ್ತಿ ಬಂದು ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಗೊತ್ತಾಯಿತು, ಏಪ್ರನ್ ಬಿಚ್ಚಿ ಮಷೀನಿನ ಎದುರಿನ ಮೊಳೆಗೆ ನೇತು ಹಾಕುವಾಗ ಬ್ಯಾಡ್ಜನ್ನೂ ಅದರಲ್ಲೇ ಬಿಡುತ್ತಿದ್ದೆ. ನಾನು ಹೊರಗೆ, ಬ್ಯಾಡ್ಜ್ ಒಳಗೆ. ನಿಮ್ಮಲ್ಲಿ ಬ್ಯಾಡ್ಜ್ ಇದ್ದರೆ ಸೋರ್ಸ್ ಇಡುವ ಕೋಣೆಯಲ್ಲಿ ಮಾತ್ರ ಬಿಡಬೇಡಿ ಮೇಡಂ.

ಶಿರಸಿಯಿಂದ ಮತ್ತೆ:

ಒಂದು ಮರೆತೆ. ಹಳೆಯ ಸೋರ್ಸ್ ಸತ್ತು ಹೋಗಿದೆ ಅಂತ ಗುಜರಿಗೆ ಕೊಡುವ ಯೋಚನೆ ಯಾರಿಗೂ ಬರಬಾರದು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಅದೇ. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದ ಕೋಬಾಲ್ಟ್ ಯಂತ್ರ ಹರಾಜಾಗಿ ಗುಜರಿ ಅಂಗಡಿಗೆ ಹೋಯಿತು. ಬಿಚ್ಚಿದವರಿಗೆ ಒಳಗೇನಿದೆ ಗೊತ್ತಿರಲಿಲ್ಲ. ಒಬ್ಬರು ಜೀವ ಕಳೆದುಕೊಂಡರು. ನಮ್ಮ ಬಿಲ್ಲೆಗಳು ಅದರ ಮುಂದೆ ಏನೇನೂ ಅಲ್ಲ, ಆದರೂ ಸೋರ್ಸ್ ವಿಲೇವಾರಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆಯೇ ಆಗಬೇಕು.

ಕಾರವಾರದ ಉಪನ್ಯಾಸಕಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಡಬ್ಬಿ ತೆಗೆದು ಒಂದೊಂದೇ ಚೀಟಿ ಓದಿದೆ. ಕೋಬಾಲ್ಟ್ ಬಂದು 16 ವರ್ಷವಾಗಿದೆ, ಅದರ ಅರ್ಧಾಯು 5.27 ವರ್ಷ. ಮೂರು ಸಲ ಅರ್ಧವಾಗಿ ಎಂಟನೇ ಒಂದು ಪಾಲು ಉಳಿದಿದೆ, ಮಕ್ಕಳು ಮಾತ್ರ ಚೀಟಿಯ ಹಳೆಯ ಅಂಕಿಯನ್ನೇ ಲೆಕ್ಕಕ್ಕೆ ಹಾಕುತ್ತಿದ್ದರು! ಹೊಸ ಪುಸ್ತಕ ತಂದಿದ್ದೇನೆ. ಮೊದಲ ಸಾಲು: ಬ್ಯಾಕ್‌ಗ್ರೌಂಡ್, 5 ನಿಮಿಷ, 131. ಆ ಅಮ್ಮ ಶುಕ್ರವಾರ ಲ್ಯಾಬಿಗೆ ಬರುತ್ತಾರಂತೆ.