ಕಾರಿನ ಇನ್ಶೂರೆನ್ಸ್ ಕಡ್ಡಾಯ, ಆರೋಗ್ಯದ್ದೂ ಕಡ್ಡಾಯ: ಎರಡೂ ಒಂದೇನಾ?

ಪ್ರಶ್ನೆ: ನಮಸ್ಕಾರ. ಟೆಕ್ಸಾಸ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದೇವೆ. ಹೊಸ ಕೆಲಸ ಶುರುವಾಗೋ ತನಕ ಸುಮಾರು ಎರಡು ತಿಂಗಳು ಹೆಲ್ತ್ ಇನ್ಶೂರೆನ್ಸ್ ಇರಲ್ಲ. ಟೆಕ್ಸಾಸ್‌ನಲ್ಲಿ ಯಾರೂ ಕೇಳುತ್ತಿರಲಿಲ್ಲ, ಇಲ್ಲಿ ದಂಡ ಇದೆ ಅಂತಾರೆ. "ಕಾರಿಗೆ ಮಾಡಿಸಲ್ವಾ, ಇದೂ ಹಾಗೇ" ಅನ್ನೋದು ಎಲ್ಲರ ಉತ್ತರ. ನಿಜಕ್ಕೂ ಹಾಗೇನಾ? ದಂಡ ಬೀಳುತ್ತಾ?

ಉತ್ತರ (ವಿಮಾ ಬ್ರೋಕರ್): ಮೊದಲು ದಂಡದ ವಿಷಯ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಆರೋಗ್ಯ ವಿಮೆ ಕಡ್ಡಾಯ. ಆದರೆ ಸತತ ಮೂರು ತಿಂಗಳವರೆಗಿನ ಖಾಲಿ ಅವಧಿಗೆ ವಿನಾಯಿತಿ ಇದೆ, ಅದನ್ನು ರಾಜ್ಯದ ತೆರಿಗೆ ರಿಟರ್ನ್ ಹಾಕುವಾಗ ನೀವೇ ಕೇಳಬೇಕು. ತಿಂಗಳಲ್ಲಿ ಒಂದು ದಿನ ವಿಮೆ ಇದ್ದರೂ ಆ ತಿಂಗಳು ಪೂರ್ತಿ ಇದ್ದಂತೆ ಲೆಕ್ಕ. ಎರಡೇ ತಿಂಗಳಾದರೆ ಚಿಂತೆಯಿಲ್ಲ. ಆದರೆ ಹೊಸ ಕಂಪನಿಯ ಎಚ್‌ಆರ್‌ ಅವರನ್ನು ವಿಮೆ ಶುರುವಾಗಲು ವೇಟಿಂಗ್ ಪೀರಿಯಡ್ ಎಷ್ಟು ಅಂತ ಇವತ್ತೇ ಕೇಳಿ. ಕಾನೂನಿನಲ್ಲಿ 90 ದಿನದವರೆಗೆ ಕಾಯಿಸಲು ಅವಕಾಶವಿದೆ. ಅದೂ ಸೇರಿದರೆ ನಿಮ್ಮ ಎರಡು ತಿಂಗಳು ಐದಾಗುತ್ತದೆ, ವಿನಾಯಿತಿ ಕೈತಪ್ಪುತ್ತದೆ.

ಇನ್ನು ಹೋಲಿಕೆ. ಅರ್ಧ ಸರಿ, ಅರ್ಧ ತಪ್ಪು.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾರಿಗೆ ಕಡ್ಡಾಯ ಇರುವುದು ಲಯಬಿಲಿಟಿ ಮಾತ್ರ, ಅಂದರೆ ನೀವು ಗುದ್ದಿದವರಿಗೆ ಕೊಡುವ ಹಣ. ನಿಮ್ಮ ಕಾರು ನಜ್ಜುಗುಜ್ಜಾದರೆ ಕಾನೂನಿಗೆ ಅದರ ಗೊಡವೆಯಿಲ್ಲ, ಸಾಲ ಕೊಟ್ಟ ಬ್ಯಾಂಕಿಗೆ ಇರಬಹುದು ಅಷ್ಟೇ. ಕಾರೇ ಬೇಡ ಅಂದರೆ ವಿಮೆಯೂ ಬೇಡ. ದೇಹದ ವಿಷಯದಲ್ಲಿ ಆ ಆಯ್ಕೆ ಎಲ್ಲಿದೆ? ಇಡೀ ದೇಶಕ್ಕೆ ಆರೋಗ್ಯ ವಿಮೆ ಕಡ್ಡಾಯ ಮಾಡಿದ 2010ರ ಅಫೋರ್ಡಬಲ್ ಕೇರ್ ಆಕ್ಟ್ ಮೇಲಿನ ಮೊಕದ್ದಮೆಯಲ್ಲಿ ಜಗಳ ನಡೆದದ್ದು ಇದೇ ಪ್ರಶ್ನೆಯ ಸುತ್ತ. ಹಾಗಾದರೆ ಸರ್ಕಾರ ಬ್ರೊಕೊಲಿ ಕೊಳ್ಳಿ ಅಂತಲೂ ಹೇಳಬಹುದಲ್ಲ ಅಂತ ನ್ಯಾಯಮೂರ್ತಿ ಸ್ಕಾಲಿಯಾ ಕೇಳಿದ್ದು ಆಗಲೇ. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಕಾಯ್ದೆಯ ಈ ಭಾಗವನ್ನು ಉಳಿಸಿತು, ಅದೂ "ಇದು ತೆರಿಗೆ" ಅನ್ನುವ ಆಧಾರದ ಮೇಲೆ. 2017ರ ತೆರಿಗೆ ಕಾನೂನು ಆ ಕೇಂದ್ರ ದಂಡವನ್ನು 2019ರಿಂದ ಸೊನ್ನೆ ಮಾಡಿತು. ಈಗ ದಂಡ ಉಳಿದಿರುವುದು ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್ ಮತ್ತು ವಾಷಿಂಗ್ಟನ್ ಡಿ.ಸಿ.ಯಲ್ಲಿ. ಟೆಕ್ಸಾಸ್‌ನಲ್ಲಿ ನಿಮ್ಮನ್ನು ಯಾರೂ ಕೇಳದಿದ್ದದ್ದು ಅದಕ್ಕೇ.

ಹೋಲಿಕೆ ಸರಿ ಅನಿಸುವ ಜಾಗವೂ ಇದೆ. 1986ರ ಕಾನೂನಿನ ಪ್ರಕಾರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದವರನ್ನು ದುಡ್ಡಿಲ್ಲ ಅಂತ ಹಾಗೇ ವಾಪಸ್ ಕಳಿಸುವಂತಿಲ್ಲ. ಪರೀಕ್ಷಿಸಿ, ತುರ್ತು ಸ್ಥಿತಿಯಿದ್ದರೆ ಜೀವ ಒಂದು ಹದಕ್ಕೆ ಬರುವ ತನಕ ನೋಡಲೇಬೇಕು. ಆ ಬಿಲ್ ತೀರದಿದ್ದರೆ, ಕಾರು ಗುದ್ದಿದಾಗಿನಂತೆಯೇ, ಹೊರೆ ಬೀಳುವುದು ಬೇರೆಯವರ ಮೇಲೆ.

ಆದರೆ ನಿಮ್ಮ ಜೇಬಿಗೆ ಮುಖ್ಯವಾದ ವ್ಯತ್ಯಾಸ ಬೇರೆಯೇ, ಜನ ಎಡವುವುದೂ ಅಲ್ಲೇ. ಎರಡೂ ಪಾಲಿಸಿಯಲ್ಲಿ "ಲಿಮಿಟ್" ಅಂತ ಬರೆದಿರುತ್ತದೆ, ಕೆಲಸ ಮಾತ್ರ ತದ್ವಿರುದ್ಧ. ಕಾರಿನದು ಆ ಮಿತಿಯವರೆಗೆ ಕಂಪನಿ ಕೊಡುತ್ತದೆ, ಆಮೇಲಿನದು ನಿಮ್ಮ ತಲೆಗೆ. ಕ್ಯಾಲಿಫೋರ್ನಿಯಾದ ಕನಿಷ್ಠ ಮಿತಿ 2025ರ ಜನವರಿಯಿಂದ 30/60/15: ಗಾಯಾಳು ಒಬ್ಬರಿಗೆ 30,000 ಡಾಲರ್, ಒಂದು ಅಪಘಾತದ ಗಾಯಾಳುಗಳೆಲ್ಲರಿಗೂ ಸೇರಿ 60,000, ಆಸ್ತಿ ಹಾನಿಗೆ 15,000. ಗುದ್ದಿದ್ದು ಹೊಸ ಟ್ರಕ್ಕಿಗಾದರೆ 15,000 ಯಾವ ಮೂಲೆಗೆ? ಹೆಲ್ತ್ ಪ್ಲಾನಿನಲ್ಲಿ ಮಿತಿಯವರೆಗೆ ಕೊಡುವವರು ನೀವು, ಆಮೇಲಿನದು ಕಂಪನಿಯದು. 2025ರಲ್ಲಿ ಆ ಔಟ್-ಆಫ್-ಪಾಕೆಟ್ ಮಿತಿ ಹೆಚ್ಚೆಂದರೆ ಒಬ್ಬರಿಗೆ 9,200, ಕುಟುಂಬಕ್ಕೆ 18,400 ಡಾಲರ್ ಇತ್ತು. ಅದು ನೆಟ್‌ವರ್ಕ್ ಒಳಗಿನ (ಪ್ಲಾನಿನ ಜೊತೆ ಒಪ್ಪಂದವಿರುವ ವೈದ್ಯರ, ಆಸ್ಪತ್ರೆಗಳ) ಚಿಕಿತ್ಸೆಗೆ ಮಾತ್ರ, ಪ್ರೀಮಿಯಂ ಅದರಲ್ಲಿ ಸೇರಿಲ್ಲ. ಹಾಗಾಗಿ "ಕನಿಷ್ಠದ್ದು ಸಾಕು" ಅನ್ನುವ ಮಾತು ಹೆಲ್ತ್ ಪ್ಲಾನಿಗೆ ಒಪ್ಪಬಹುದು, ಕಾರಿಗೆ ನಾನಂತೂ ಒಪ್ಪುವುದಿಲ್ಲ. ಸಂಬಳ, ಉಳಿತಾಯ ಇರುವವರು 100/300 ಕೇಳಿ. ಪ್ರೀಮಿಯಂ ಮಿತಿಯಷ್ಟೇ ಪಟ್ಟು ಏರುವುದಿಲ್ಲ.

ಅಂದ ಹಾಗೆ, ಟೆಕ್ಸಾಸ್ ಕಾರನ್ನು ಇಲ್ಲಿ ನೆಲೆಸಿದ 20 ದಿನದೊಳಗೆ ನೋಂದಾಯಿಸಬೇಕು. ಪಾಲಿಸಿಯಲ್ಲಿ ಕಾರು ನಿಲ್ಲುವ ವಿಳಾಸ ಹಳೆಯದೇ ಇದ್ದರೆ ಕ್ಲೇಮ್ ಸಮಯದಲ್ಲಿ ತಕರಾರು ಬರುತ್ತದೆ.

ಪ್ರಶ್ನೆ: ಸರ್, ಹಾಗಾದ್ರೆ ಹುಷಾರು ತಪ್ಪಿದ ಮೇಲೆ ತಗೊಂಡ್ರೆ ಆಯ್ತಲ್ವಾ? ಹಳೇ ಕಾಯಿಲೆ ಇದ್ರೂ ಬೇಡ ಅನ್ನೋ ಹಾಗಿಲ್ಲವಂತೆ.

ಉತ್ತರ (ವಿಮಾ ಬ್ರೋಕರ್): ಎಲ್ಲರೂ ಹಾಗೆ ಮಾಡಿದರೆ ವಿಮೆಯಲ್ಲಿ ಕಾಯಿಲೆಯವರಷ್ಟೇ ಉಳಿಯುತ್ತಾರೆ, ಪ್ರೀಮಿಯಂ ಗಗನಕ್ಕೇರುತ್ತದೆ. ಕಡ್ಡಾಯ ತಂದದ್ದೇ ಇದಕ್ಕಾಗಿ. ಕಾರಿನ ಕಂಪನಿ ಚಾಲಕರ ಚರಿತ್ರೆ ನೋಡಿ ದರ ಹಾಕಬಹುದು. ಇಲ್ಲಿ 1988ರ ಪ್ರಾಪೊಸಿಷನ್ 103ರ ಪ್ರಕಾರ ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಅನುಭವದ ವರ್ಷಗಳು, ಈ ಮೂರಕ್ಕೇ ಮೊದಲ ತೂಕ. ಹೆಲ್ತ್ ಕಂಪನಿ ನಿಮ್ಮ ಕಾಯಿಲೆ ನೋಡಿ ದರ ಹಾಕುವಂತಿಲ್ಲ, ಮತ್ತು ವಯಸ್ಸಾದವರಿಗೆ ಕಿರಿಯ ವಯಸ್ಕರ ಮೂರು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಅದಕ್ಕೆ ಬದಲಾಗಿ ಬಾಗಿಲು ವರ್ಷಪೂರ್ತಿ ತೆರೆದಿರುವುದಿಲ್ಲ. ಓಪನ್ ಎನ್‌ರೋಲ್‌ಮೆಂಟ್ (ವರ್ಷಕ್ಕೊಮ್ಮೆ ಯಾರು ಬೇಕಾದರೂ ವಿಮೆ ಕೊಳ್ಳಬಹುದಾದ ಅವಧಿ) ಕಳೆದರೆ, ಕೆಲಸದ ವಿಮೆ ಹೋದಂಥ ಕಾರಣ ಇದ್ದಾಗ 60 ದಿನ ಮಾತ್ರ ಅವಕಾಶ. ಕಾರಿನ ಪಾಲಿಸಿಯಂತೆ ಮಧ್ಯರಾತ್ರಿ ಆನ್‌ಲೈನ್‌ನಲ್ಲಿ ಕೊಂಡು ಬೆಳಿಗ್ಗೆ ಬಳಸಲು ಆಗದು.

ನಿಮ್ಮಂಥವರಿಗೆ ಇರುವ ದಾರಿ ಕೋಬ್ರಾ, ಅಂದರೆ ಕೆಲಸ ಬಿಟ್ಟ ಮೇಲೂ ಹಳೆಯ ಕಂಪನಿಯ ವಿಮೆ ಉಳಿಸಿಕೊಳ್ಳಲು ಬಿಡುವ ಕೇಂದ್ರ ಕಾನೂನು. ಹಳೆಯ ಕಂಪನಿಯಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿದ್ದರೆ ಅದೇ ಪ್ಲಾನನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ವಿಮೆ ಹೋದ ದಿನ ಅಥವಾ ಈ ಅವಕಾಶದ ನೋಟಿಸ್ ಪತ್ರ ಕೊಟ್ಟ ದಿನ, ಯಾವುದು ತಡವೋ ಅಲ್ಲಿಂದ 60 ದಿನದೊಳಗೆ ಒಪ್ಪಿಗೆ ಕೊಟ್ಟರೆ ಹಿಂದಿನ ದಿನಾಂಕದಿಂದಲೇ ಜಾರಿ. ಒಪ್ಪಿಗೆ ಕೊಟ್ಟ ಮೇಲೆ ಮೊದಲ ಕಂತಿಗೆ ಇನ್ನೂ 45 ದಿನ. ಹಾಗಾಗಿ ಆ ಪತ್ರ ಜೋಪಾನವಾಗಿ ಇಟ್ಟುಕೊಂಡು, ಏನಾದರೂ ಆದರಷ್ಟೇ ಒಪ್ಪಿಗೆ ಕೊಡುವವರು ಬಹಳ. ಆಗ ಬಿಟ್ಟ ತಿಂಗಳುಗಳ ಕಂತನ್ನೂ ಕಟ್ಟಬೇಕು. ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂನ 102% ಕೇಳಬಹುದು, ಮೊತ್ತ ನೋಡಿ ಗಾಬರಿಯಾಗಬೇಡಿ. ಕಂತು ಕಟ್ಟುವ ತನಕ ಆಸ್ಪತ್ರೆಯ ಕಂಪ್ಯೂಟರಿನಲ್ಲಿ "ವಿಮೆ ಇಲ್ಲ" ಅಂತಲೇ ತೋರಿಸುತ್ತದೆ. ಕಂತು ಕಟ್ಟಿದ ಮೇಲೆ ಕ್ಲೇಮ್ ಮತ್ತೆ ಕಳಿಸಲು ಬಿಲ್ಲಿಂಗ್‌ನವರಿಗೆ ನೀವೇ ಹೇಳಬೇಕು. ಒಪ್ಪಿಗೆಯನ್ನು 61ನೇ ದಿನ ಕೊಟ್ಟರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಉತ್ತರ (ತೆರಿಗೆ ಸಲಹೆಗಾರ್ತಿ): ಒಂದು ಸೇರಿಸುತ್ತೇನೆ. ವಿನಾಯಿತಿ ಕೇಳುವ ನಮೂನೆ 3853. ಹಳೆ, ಹೊಸ ಎರಡೂ ಕಡೆಯ 1095 (ಯಾವ ತಿಂಗಳು ವಿಮೆ ಇತ್ತು ಅಂತ ತೋರಿಸುವ ನಮೂನೆ) ತರಿಸಿಕೊಂಡು ತಿಂಗಳು ತಿಂಗಳು ಹೊಂದಿಸಿ ನೋಡಿ. ಶಾರ್ಟ್-ಟರ್ಮ್ ಅಥವಾ ವಿಸಿಟರ್ ಪಾಲಿಸಿ ಕೊಂಡು "ವಿಮೆ ಇತ್ತು" ಅಂತ ಟಿಕ್ ಹಾಕಬೇಡಿ, ಅವು ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿ. ಕಾರು ಅಪಘಾತದಲ್ಲಿ ನಮಗೇ ಏಟಾದರೆ ಯಾವ ವಿಮೆ ಕೊಡುತ್ತೆ? ಕಾರಿನ ಪಾಲಿಸಿಯಲ್ಲಿ "ಹೆಲ್ತ್ ಪ್ರೈಮರಿ" ಹಾಕಿದರೆ ಕಡಿಮೆ ಆಗುತ್ತೆ ಅಂದ್ರು ಏಜೆಂಟ್.

ಉತ್ತರ (ವಿಮಾ ಬ್ರೋಕರ್): ನಿಮ್ಮಲ್ಲಿ ತಪ್ಪು ಯಾರದೇ ಇರಲಿ, ನಿಮ್ಮ ಕಾರಿನ ಪಾಲಿಸಿಯ ಪಿಐಪಿ (ಪರ್ಸನಲ್ ಇಂಜುರಿ ಪ್ರೊಟೆಕ್ಷನ್) ಭಾಗವೇ ಮೊದಲು ವೈದ್ಯಕೀಯ ಖರ್ಚು ಕೊಡುತ್ತದೆ. "ಹೆಲ್ತ್ ಪ್ರೈಮರಿ" ಹಾಕಿದರೆ ಆ ಸರದಿ ಅದಲುಬದಲು. ಹಾಕುವ ಮುಂಚೆ ಕಂಪನಿಯ ಹೆಲ್ತ್ ಪ್ಲಾನಿನವರಿಂದ "ಕಾರು ಅಪಘಾತಕ್ಕೆ ನಾವೇ ಮೊದಲು ಕೊಡುತ್ತೇವೆ" ಅಂತ ಬರಹದಲ್ಲಿ ತರಿಸಿ. ಕಂಪನಿಯೇ ಸ್ವಂತ ಹಣದಿಂದ ನಡೆಸುವ ಪ್ಲಾನುಗಳಲ್ಲಿ ಇದನ್ನು ಹೊರಗಿಟ್ಟಿರುವುದುಂಟು. ಸರ್ಕಾರದ ಮೆಡಿಕೇರ್, ಮೆಡಿಕೇಡ್ ವಿಮೆ ಇರುವವರಿಗೆ ಈ ಆಯ್ಕೆಯೇ ಇಲ್ಲ. ಮುಂದೆ ಕೆಲಸ ಬಿಟ್ಟು ಹೆಲ್ತ್ ಪ್ಲಾನ್ ನಿಂತರೆ ಅದೇ ದಿನ ಕಾರಿನ ಏಜೆಂಟಿಗೆ ಹೇಳಿ ಬದಲಾಯಿಸಿ. ಮರೆತರೆ ಪಿಐಪಿ ಕೊಡುತ್ತದೆ, ಆದರೆ ಹೆಚ್ಚುವರಿ ಡಿಡಕ್ಟಿಬಲ್ (ಮೊದಲು ನೀವೇ ಕೊಡಬೇಕಾದ ಮೊತ್ತ) ಕಳೆದು.

ಪಿಐಪಿ ಇಲ್ಲದ ಕ್ಯಾಲಿಫೋರ್ನಿಯಾದವರಿಗೆ ಸಾಮಾನ್ಯವಾಗಿ ಹೆಲ್ತ್ ಪ್ಲಾನೇ ಮೊದಲು ಕೊಡುತ್ತದೆ. ಕೆಲವು ವಾರಕ್ಕೆ "ಇದು ಅಪಘಾತವೇ? ಎದುರಿನವರ ವಿಮೆ ಯಾವುದು?" ಅಂತ ಒಂದು ಫಾರ್ಮ್ ಅಂಚೆಯಲ್ಲಿ ಬರುತ್ತದೆ. ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಿದರೆ ಕ್ಲೇಮ್ ನಿಂತು ಆಸ್ಪತ್ರೆಯ ಪೂರ್ತಿ ಬಿಲ್ ನಿಮ್ಮ ಮನೆಗೆ ಬರುತ್ತದೆ. ತುಂಬಿ ಕಳಿಸಿ, ಪ್ರತಿ ಇಟ್ಟುಕೊಳ್ಳಿ. ಎದುರಿನ ಚಾಲಕರ ಕಂಪನಿಯಿಂದ ಪರಿಹಾರ ಬಂದಾಗ ನಿಮ್ಮ ಹೆಲ್ತ್ ಪ್ಲಾನ್ ತಾನು ಕೊಟ್ಟದ್ದನ್ನು ಅದರಲ್ಲಿ ವಾಪಸ್ ಕೇಳುತ್ತದೆ, ಹಾಗಾಗಿ ಬಂದ ಚೆಕ್ಕನ್ನು ಪೂರ್ತಿ ಖರ್ಚು ಮಾಡಿಬಿಡಬೇಡಿ.